ಬ್ರೌಸರಿನ ಗುಂಡಿನಾಟ: ವೇಗದ ವಿಚಾರ

ಜಾವಾಸ್ಕ್ರಿಪ್ಟ್ ಕಲಿಯುವವರು ಮೊದಮೊದಲು ರಚಿಸುವ ಕೃತಿಗಳಲ್ಲಿ ಗುಂಡಿನಾಟವೂ ಒಂದು. ಕ್ಯಾನ್ವಾಸಿನ ಕೆಳಗೊಂದು ನೌಕೆ, ಮೇಲೆ ಸಾಲುಗಟ್ಟಿದ ಶತ್ರುಗಳು; ಶತ್ರುಗಳು ಕಡಿಮೆಯಾದಂತೆ ಉಳಿದವರ ವೇಗ ಹೆಚ್ಚಲೆಂದು ಒಂದು ಸೂತ್ರ. ಈ ಸೂತ್ರವನ್ನು ಆಟದ ಸಹಜಧರ್ಮವೆಂದು ಬೋಧಿಸುವುದನ್ನು ನಾವು ಒಪ್ಪಲಾರೆವು. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾದೊ ಅವರು ‘ಸ್ಪೇಸ್ ಇನ್ವೇಡರ್ಸ್’ ರಚಿಸಿದಾಗ, 55 ಆಕೃತಿಗಳನ್ನು ಶೀಘ್ರವಾಗಿ ಚಲಿಸುವ ಶಕ್ತಿ ಯಂತ್ರಕ್ಕಿರಲಿಲ್ಲ. ಆಕೃತಿಗಳು ಅಳಿದಂತೆ ಹೊರೆ ಇಳಿದು ವೇಗ ತಾನಾಗಿ ಏರಿತು. ಅವರು ಅದನ್ನು ಕಂಡು, ಮೆಚ್ಚಿ, ತಿದ್ದದೆ ಉಳಿಸಿಕೊಂಡರು. ಕಾರ್ಕಳದ ನೆರೆಯ ಮೂಡುಬಿದಿರೆಯ ಬಸದಿಗಳಲ್ಲಿ ಮರಗೆಲಸದ ರೂಪವನ್ನು ಕಲ್ಲಿನಲ್ಲಿ ಕಡೆದಿರುವುದನ್ನು ಬಲ್ಲ ಇತಿಹಾಸದ ವಿದ್ಯಾರ್ಥಿಗೆ ಇದು ಅಪರಿಚಿತವಲ್ಲ.

ಇಂದಿನ ಅನೇಕ ಮಾದರಿಗಳಲ್ಲಾದರೋ ಯಂತ್ರದ ಪ್ರಭಾವ ರಚಿಸಿದವರ ಕಣ್ಣಿಗೇ ಬೀಳದೆ ಉಳಿದಿದೆ. ಪರದೆ ಹೊಸದಾದಾಗಲೆಲ್ಲ ಗುಂಡು ಇಷ್ಟು ದೂರ ಸರಿಯಲಿ ಎಂದು ಬರೆದರೆ, ಸೆಕೆಂಡಿಗೆ 60 ಬಾರಿ ಹೊಸದಾಗುವ ಪರದೆಗಿಂತ 120 ಬಾರಿಯದರಲ್ಲಿ ಅದು ಇಮ್ಮಡಿ ವೇಗದಿಂದ ಹಾರುವುದು. ಮಣಿಪಾಲದ ಪ್ರಯೋಗಾಲಯದಲ್ಲಿ ಹದವಾಗಿ ನಡೆದ ಆಟ ಕಾಪುವಿನ ಮನೆಯೊಂದರಲ್ಲಿ ಆಡಲಾರದಷ್ಟು ಬಿರುಸಾದೀತು. ವಿದ್ಯಾರ್ಥಿ ತನ್ನ ಕೈಯನ್ನೇ ಶಂಕಿಸುವನು! ಎರಡು ಚಿತ್ರಗಳ ನಡುವೆ ಕಳೆದ ಕಾಲವನ್ನು ಅಳೆದು, ದೂರವನ್ನು ಅದರಿಂದ ಗಣಿಸುವುದು ಕೆಲವೇ ಸಾಲುಗಳ ಕೆಲಸ. ಮೊದಲ ಪಾಠದಲ್ಲಿಯೇ ಅದಕ್ಕೆ ಎಡೆಯಿರಬೇಕೆಂಬುದು ನಮ್ಮ ಅಭಿಮತ.