ಕೊಡ ಹೊತ್ತವಳ ಬಾಯಾರಿಕೆ

ಭಾರತ ಹುಣ್ಣಿಮೆ ಬಂತೆಂದರೆ ಕಿತ್ತೂರು, ಬೈಲಹೊಂಗಲ, ರಾಮದುರ್ಗದ ಕಡೆಯ ಚಕ್ಕಡಿ, ಟ್ರ್ಯಾಕ್ಟರುಗಳು ಸವದತ್ತಿಯ ಎಲ್ಲಮ್ಮನ ಗುಡ್ಡದ ಹಾದಿ ಹಿಡಿಯುತ್ತವೆ. 'ಉಧೋ ಉಧೋ' ಕೂಗಿನ ನಡುವೆ ಜೋಗತಿಯರು ಕೊಡ ಹೊತ್ತು ಕುಣಿಯುತ್ತಾರೆ; ಚೌಡಿಕೆಯ ಒಂಟಿ ತಂತಿ ಮಿಡಿಯುತ್ತದೆ. ನಮ್ಮ ಜಾನಪದ ವಿದ್ವಾಂಸರು ಇದಕ್ಕೆ 'ಭಕ್ತಿಯ ಕಲೆ' ಎಂದು ಹೆಸರಿಟ್ಟು, ಧಾಟಿ ಬರಕೊಂಡು ಎದ್ದು ಹೋಗುತ್ತಾರೆ. ನಾವು ಅಷ್ಟಕ್ಕೇ ಏಳಲಾರೆವು. ಹಾಡಿನಲ್ಲಿ ಏನಿದೆ, ಹಾಡುವವಳ ಮನೆಯ ಕೊಡದಲ್ಲಿ ಏನಿದೆ, ಈ ಎರಡನ್ನೂ ಕೂಡಿಸಿಯೇ ಕೇಳಬೇಕು.

ಕತೆ ನೀರಿನಿಂದಲೇ ಸುರುವಾಗುತ್ತದೆ. ಮಲಪ್ರಭೆಯ ದಂಡೆಯ ಉಸುಕಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬೆ ಮಾಡಿ ದಿನಾ ನೀರು ತರುವವಳು ರೇಣುಕೆ. ಒಂದು ದಿನ ಮನಸ್ಸು ಚಂಚಲವಾಯಿತು, ಕೊಡ ನಿಲ್ಲಲಿಲ್ಲ. ಜಮದಗ್ನಿ ಮಗನ ಕೈಯಿಂದಲೇ ಅವಳ ತಲೆ ಕಡಿಸಿದ. ಮಗ ಬೇಡಿದ ವರದಿಂದ ತಾಯಿ ಬದುಕಿದಳೆಂದು ಹೇಳಿ ಪುರಾಣ ಕೈತೊಳೆದುಕೊಳ್ಳುತ್ತದೆ. ಕೇರಿಯ ಬಾಯಿ ಅಲ್ಲಿಗೆ ನಿಲ್ಲುವುದಿಲ್ಲ. ಜನರ ಬಾಯಲ್ಲಿರುವ ಹಲವು ಪಾಠಗಳಲ್ಲಿ ಮಾತಂಗಿ ಎಂಬ ಕೆಳಜಾತಿಯ ಹೆಣ್ಣಿನ ತಲೆಯೂ ಉರುಳುತ್ತದೆ. ಜೋಡಿಸುವಾಗ ತಲೆಗಳು ಅದಲುಬದಲಾಗುತ್ತವೆ. ಒಬ್ಬಳ ತಲಿ, ಇನ್ನೊಬ್ಬಳ ಮುಂಡ.

ಇದನ್ನೇ ಹಿಡಿದು ಕೆಲವರು 'ನೋಡಿರಿ, ಎಂಥಾ ಸಾಮರಸ್ಯ!' ಅನ್ನುತ್ತಾರೆ. ಯಾರ ಸಾಮರಸ್ಯ? ತನ್ನ ತಪ್ಪಿಲ್ಲದೆ ಸತ್ತ ಮಾತಂಗಿಯನ್ನು ಯಾರು ಕೇಳಿದರು? ದೇವಿಯ ಮೈ ಅರ್ಧ ಕೇರಿಯದೆಂದು ಹಾಡು ಕೇಳಿ ತಲೆದೂಗಿದ ಊರೇ, ಕೇರಿಯ ಕೊಡ ಊರಬಾವಿಗೆ ಇಳಿಯಗೊಡಲಿಲ್ಲ. ದೇವಿಯ ಮುಖ ಕಟ್ಟಿದ ಕೊಡಕ್ಕೆ ಕೈಮುಗಿದವರೇ ಅದೇ ಹೆಣ್ಣಿನ ನೀರಿನ ಕೊಡ ಕಂಡು ದೂರ ಸರಿದರು. ಬಾಬಾಸಾಹೇಬರು 1927ರಲ್ಲಿ ಮಹಾಡದ ಚವದಾರ ಕೆರೆಯ ನೀರು ಮುಟ್ಟಿದ್ದು ಇಂಥ ಸುಳ್ಳನ್ನು ಒಡೆಯಲಿಕ್ಕೇ.

ಆದರೂ ಈ ಹಾಡು ದೊಡ್ಡದು. ಕಟ್ಟಿಗೆಯ ಕೊಳಗ, ಒಂದು ಬದಿಗೆ ಬಿಗಿದ ತೊಗಲು, ಒಂದು ತಂತಿ, ಇಷ್ಟೇ ಬಂಡವಾಳ. ಮುಂದಿನವಳು ಹಾಡಿದ್ದನ್ನು ಹಿಂದಿನವರು ಎತ್ತಿಕೊಳ್ಳುತ್ತಾರೆ. ನಡುವೆ ಹಾಡು ಬಿಟ್ಟು ಮಾತಿಗಿಳಿಯುತ್ತಾರೆ, ನಗಿಸುತ್ತಾರೆ. ಆ ಮಾತಿನ ಸಂದಿಯಲ್ಲೇ ಹೆಣ್ಣಿನ ದೂರು ನುಸುಳುತ್ತದೆ. ಪುರಾಣ ಮರೆತ ಮಾತಂಗಿಯನ್ನು ಬದುಕಿಸಿ ಇಟ್ಟದ್ದು ಯಾವ ವಿದ್ವಾಂಸನ ಲೇಖನಿಯೂ ಅಲ್ಲ, ಈ ತಂತಿ.

ಇಲ್ಲಿ ನಮ್ಮದೂ ತಪ್ಪಿದೆ. ದೇವದಾಸಿ ಪದ್ಧತಿಯ ವಿರುದ್ಧ 1934ರ ಮುಂಬಯಿ ಕಾನೂನು ಸಾಲದೆ, 1982ರಲ್ಲಿ ಕರ್ನಾಟಕ ಇನ್ನೊಂದು ಕಾಯ್ದೆ ಮಾಡಬೇಕಾಯಿತು. ಮುತ್ತು ಕಟ್ಟುವ ಆ ಕ್ರೌರ್ಯದ ಮೇಲಿನ ಸಿಟ್ಟಿನಲ್ಲಿ ನಾವು ಹಾಡನ್ನೂ ಗುಲಾಮಗಿರಿಯ ಗುರುತೆಂದು ಬಿಸಾಡಿದೆವು. ಮುತ್ತು ಹರಿಯಲೇಬೇಕು. ಹಾಡು ಮಾತ್ರ ಉಳಿಯಬೇಕು, ಹಾಡುವವಳ ಸ್ವಂತ ಸೊತ್ತಾಗಿ.

ಇನ್ನು ನೆಲದ ಮಾತು. ರೇಣುಕೆ ಕೊಡ ತುಂಬಿದ ಹೊಳೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿ, ಜಲಾಶಯಕ್ಕೆ ಅವಳದೇ ಹೆಸರಿಟ್ಟರು: ರೇಣುಕಾಸಾಗರ. ಆ ನೀರಿನ ಹೆಸರಲ್ಲಿ ಹೇರಿದ ಕರದ ವಿರುದ್ಧ ನರಗುಂದ, ನವಲಗುಂದದ ರೈತರು 1980ರ ಜುಲೈ 21ರಂದು ಬೀದಿಗಿಳಿದು ಗುಂಡಿಗೆ ಎದೆಯೊಡ್ಡಿದರು. ಆ ಹೋರಾಟ ನಮ್ಮದೂ ಹೌದು. ಆದರೆ ಕಾಲುವೆ ನೀರು ಹೊಲ ಇದ್ದವನ ನೀರು. ಹೊಲವೇ ಇಲ್ಲದ ಕೂಲಿಯ ಮನೆಗೆ ಅದು ಏನು ತಂದೀತು? 2019ರ ಆಗಸ್ಟಿನಲ್ಲಿ ಇದೇ ಮಲಪ್ರಭೆ ಉಕ್ಕಿ ರಾಮದುರ್ಗದ ಕಡೆ ಮನೆಗಳಿಗೆ ನುಗ್ಗಿತು. ಹೊಳೆಗೆ ಜಾತಿ ಗೊತ್ತಿಲ್ಲ. ನೀರು ಹಂಚುವವರಿಗೆ ಚೆನ್ನಾಗಿ ಗೊತ್ತು.

ಆದ್ದರಿಂದ ಹೇಳುತ್ತೇವೆ: ಕತೆಯಲ್ಲಿ ತಲೆ ಜೋಡಿಸಿದರೆ ಊರು-ಕೇರಿ ಕೂಡಲಾರವು. ಬಾವಿಯಲ್ಲಿ ಪಾಲು, ಹೊಲದಲ್ಲಿ ಪಾಲು ಸಿಕ್ಕಮೇಲೆ ಕೂಡುವ ಮಾತು. ಸಾಲಿಯಲ್ಲಿ 'ಕೆರೆಗೆ ಹಾರ' ಕಲಿಸುತ್ತ ಭಾಗೀರಥಿಗಾಗಿ ಮಕ್ಕಳ ಕಣ್ಣು ತೇವ ಮಾಡಿಸುವ ಮಾಸ್ತರ ಗೆಳೆಯರು, ಮಾತಂಗಿಯ ಪ್ರಶ್ನೆಯನ್ನೂ ಕರಿಹಲಗೆಯ ಮೇಲೆ ಬರೆಯಲಿ. ಮುಂದಿನ ಹುಣ್ಣಿಮೆಗೆ ಗುಡ್ಡಕ್ಕೆ ಹೋಗುವ ವಿದ್ಯಾರ್ಥಿ ಗೆಳೆಯರು ಹಾಡು ಬರಕೊಳ್ಳುವ ಮೊದಲು ಹಾಡಿದವಳ ಹೆಸರು ಬರಕೊಳ್ಳಲಿ. ಆಮೇಲೆ ಅವಳನ್ನು ಇನ್ನೊಂದು ಮಾತು ಕೇಳಲಿ: 'ಅವ್ವಾ, ನಿಮ್ಮ ಓಣಿಗೆ ನೀರು ಎಲ್ಲಿಂದ ಬರ್ತದ?'