ಗಾಂಧಾರಿಯ ಮರಣವೂ ಧರ್ಮರಾಯನ ಶೋಕವೂ

ಕರುಣರಸಕ್ಕೆ ಶೋಕವು ಸ್ಥಾಯಿಯೆಂದೂ ಇಷ್ಟಜನರ ನಾಶವು ಅದಕ್ಕೆ ವಿಭಾವವೆಂದೂ ಆಲಂಕಾರಿಕರು ಹೇಳಿರುವರು. ಆದರೆ ಇಷ್ಟಜನರೆಂದರೆ ಯಾರು ಎಂಬ ಪ್ರಶ್ನೆಗೆ ಅಲಂಕಾರಶಾಸ್ತ್ರದಲ್ಲಿ ಉತ್ತರವಿಲ್ಲ. ಅದನ್ನು ಕವಿಯೇ ಹೇಳಬೇಕು. ಕಾಳಿದಾಸನು ಮಡದಿಯನ್ನು ಕಳೆದುಕೊಂಡ ಅಜನ ವಿಲಾಪವನ್ನು ಬರೆದನು; ಗಂಡನನ್ನು ಕಳೆದುಕೊಂಡ ರತಿಯ ವಿಲಾಪವನ್ನೂ ಬರೆದನು. ಇವೆಲ್ಲ ಯೌವನದ ಶೋಕಗಳು. ಕೇಳಿದೊಡನೆಯೇ ಮನಸ್ಸನ್ನು ಕರಗಿಸುವಂಥವು. ಆದರೆ ದೂರದ ದೇಶದಿಂದ ಬಂದು, ಪರರ ನಾಡಿನಲ್ಲಿಯೇ ಬಾಳನ್ನೆಲ್ಲ ಸವೆಸಿ, ಹೆತ್ತ ಗಂಡುಮಕ್ಕಳೆಲ್ಲರನ್ನೂ ಮಣ್ಣುಗೂಡಿಸಿ ಮುಪ್ಪಿನಲ್ಲಿ ಮಡಿದ ಹೆಂಗಸಿಗಾಗಿ ಅಳುವವರು ಯಾರು? ಈ ವಿಷಯವನ್ನು ಕೈಗೆತ್ತಿಕೊಂಡ ಕವಿಗಳು ವಿರಳ. ವ್ಯಾಸಭಗವಾನರು ಮಹಾಭಾರತದ ಆಶ್ರಮವಾಸಿಕ ಪರ್ವದ ಕಡೆಯ ಅಧ್ಯಾಯಗಳಲ್ಲಿ ಅದನ್ನು ಎತ್ತಿಕೊಂಡಿರುವರು. ಆ ಭಾಗವು ಚಿಕ್ಕದು. ಆದರೆ ಅದರಲ್ಲಿ ಅಡಗಿರುವ ವಿಚಾರವು ಚಿಕ್ಕದಲ್ಲ.

ಈ ಸನ್ನಿವೇಶವು ಕನ್ನಡ ವಾಚಕರಿಗೆ ಅಷ್ಟಾಗಿ ಪರಿಚಿತವಾಗಿಲ್ಲದಿರುವುದಕ್ಕೆ ಕಾರಣವುಂಟು. ಪಂಪನ ಕಾವ್ಯವು ಪಟ್ಟಾಭಿಷೇಕದಲ್ಲಿ ಮುಗಿಯುತ್ತದೆ. ಕುಮಾರವ್ಯಾಸನು ಗದಾಪರ್ವದವರೆಗಿನ ಹತ್ತು ಪರ್ವಗಳನ್ನು ಹಾಡಿ ನಿಲ್ಲಿಸಿದನು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಪೂರೈಸಿದನಾದರೂ, ಗಮಕಿಗಳ ಕಂಠದಲ್ಲಿ ನಿಂತು ಮನೆಮನೆಗೆ ಹೋದದ್ದು ಮೊದಲಿನ ಹತ್ತು ಪರ್ವಗಳೇ. ಆದಕಾರಣ ಕಥೆಯನ್ನು ಮೊದಲು ಸಂಕ್ಷೇಪವಾಗಿ ಹೇಳಿ ಅನಂತರ ವಿಮರ್ಶೆಗೆ ತೊಡಗುವುದು ಯುಕ್ತ.

ಯುದ್ಧವು ಮುಗಿದ ಮೇಲೆ ಧೃತರಾಷ್ಟ್ರನು 15 ವರ್ಷಗಳ ಕಾಲ ಪಾಂಡವರ ಆಶ್ರಯದಲ್ಲಿದ್ದು, ಬಳಿಕ ವಾನಪ್ರಸ್ಥನಾಗಿ ಕಾಡಿಗೆ ಹೊರಟನು. ಕಣ್ಣು ಕಟ್ಟಿಕೊಂಡ ಗಾಂಧಾರಿಯು ಕುಂತಿಯ ಹೆಗಲ ಮೇಲೆ ಕೈಯಿಟ್ಟಿದ್ದಳು. ಕುರುಡನಾದ ಅರಸನು ಗಾಂಧಾರಿಯ ಹೆಗಲ ಮೇಲೆ ಕೈಯಿಟ್ಟಿದ್ದನು. ಮಕ್ಕಳು ಎಷ್ಟು ಬೇಡಿಕೊಂಡರೂ ಕುಂತಿಯು ಹಿಂದಿರುಗಲಿಲ್ಲ. ಪಾಂಡವರು ಒಮ್ಮೆ ಆಶ್ರಮಕ್ಕೆ ಹೋಗಿ ಹಿರಿಯರನ್ನು ಕಂಡು ಬಂದರು. ಅದಾದ 2 ವರ್ಷಗಳ ಮೇಲೆ ನಾರದನು ಹಸ್ತಿನಾವತಿಗೆ ಬಂದು ಸುದ್ದಿಯನ್ನು ಹೇಳಿದನು. ಹಿರಿಯರು ಗಂಗಾದ್ವಾರದ ಕಾಡಿನಲ್ಲಿ ಕಠಿನವಾದ ತಪಸ್ಸಿನಲ್ಲಿದ್ದರು. ಗಾಂಧಾರಿಯು ನೀರನ್ನು ಮಾತ್ರ ಸೇವಿಸುತ್ತಿದ್ದಳು, ಕುಂತಿಯು ತಿಂಗಳುಗಟ್ಟಲೆ ಉಪವಾಸವಿರುತ್ತಿದ್ದಳು. ಒಂದು ದಿನ ಗಂಗೆಯಲ್ಲಿ ಮಿಂದು ಹಿಂದಿರುಗುವಾಗ ಕಾಳ್ಗಿಚ್ಚು ಸುತ್ತಿಕೊಂಡಿತು. ಓಡಲು ಮೂವರಿಗೂ ಶಕ್ತಿಯಿರಲಿಲ್ಲ. ಅರಸನು ಸಂಜಯನಿಗೆ ತಪ್ಪಿಸಿಕೊಂಡು ಹೋಗೆಂದು ಹೇಳಿ, ಇಬ್ಬರು ಹೆಂಗಸರೊಡನೆ ಪೂರ್ವಾಭಿಮುಖವಾಗಿ ಕುಳಿತನು. ಮೂವರೂ ಅಲ್ಲಿಯೇ ದಗ್ಧರಾದರು.

ಗಾಂಧಾರಿಯು ಎಷ್ಟರ ಮಟ್ಟಿಗೆ ಪರದೇಶಸ್ಥಳು ಎಂಬುದನ್ನು ವಾಚಕರು ಮೊದಲು ಗಮನಿಸಬೇಕು. ಅವಳ ಹೆಸರೇ ಅವಳ ದೇಶದ ಹೆಸರು. ಗಾಂಧಾರವು ಸಿಂಧೂನದಿಯ ಎಡಬಲದ ವಾಯವ್ಯ ಭೂಮಿ. ಪುಷ್ಕಲಾವತಿ, ಪುರುಷಪುರ, ತಕ್ಷಶಿಲೆಗಳು ಆ ಸೀಮೆಯ ಪಟ್ಟಣಗಳು. ಪಾಣಿನಿಯ ಶಲಾತುರವೂ ಅಲ್ಲಿಯದೇ. 1947ರ ಅನಂತರ ಈ ಊರುಗಳೆಲ್ಲ ಪಾಕಿಸ್ತಾನಕ್ಕೆ ಸೇರಿವೆ. ಅವಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡದ್ದು ಗಂಡನ ಮನೆಗೆ ಬಂದ ಮೇಲಲ್ಲ. ತನ್ನನ್ನು ಕೊಡುವ ವರನು ಕುರುಡನೆಂಬುದನ್ನು ತವರಿನಲ್ಲಿ ಕೇಳಿದಾಗಲೇ. ಹಾಗೆಯೇ ಅವಳನ್ನು ಶಕುನಿಯು ಕರೆತಂದು ಒಪ್ಪಿಸಿ ತನ್ನ ಊರಿಗೆ ಹಿಂದಿರುಗಿದನೆಂದು ಆದಿಪರ್ವವು ಹೇಳುತ್ತದೆ. ಇದರ ಅರ್ಥವೇನು? ಅವಳು ಬಾಳಿದ ನಾಡನ್ನು ಅವಳ ಕಣ್ಣು ಕಂಡೇ ಇರಲಿಲ್ಲ. ಬೆಟ್ಟ, ಹೊಳೆ, ಮರ, ಮುಖ ಎಂಬ ಮಾತುಗಳಿಗೆ ಅವಳ ಮನಸ್ಸಿನಲ್ಲಿ ಯಾವುದಾದರೂ ರೂಪವಿದ್ದರೆ ಅದು ಗಾಂಧಾರದ್ದೇ ಆಗಿರಬೇಕು. ಕವಿಯು ಇದನ್ನು ಬಾಯಿಬಿಟ್ಟು ಹೇಳಿಲ್ಲ. ಆದರೆ ಅವನಿಟ್ಟ ಕಥಾಕ್ರಮದಿಂದ ಇದು ತಾನಾಗಿ ಹೊರಡುತ್ತದೆ. ಪರದೇಶವಾಸವೆಂಬುದಕ್ಕೆ ಇದಕ್ಕಿಂತ ಪೂರ್ಣವಾದ ಚಿತ್ರ ಬೇರೊಂದು ಸಿಕ್ಕುವುದು ಕಷ್ಟ.

ಈ ಮಾತಿಗೆ ಎರಡು ಅಪವಾದಗಳಿವೆ, ಎರಡೂ ಅರ್ಥವತ್ತಾದವು. ತಪೋಬಲದ ದಿವ್ಯದೃಷ್ಟಿಯಿಂದ ಅವಳು ರಣರಂಗದಲ್ಲಿ ಬಿದ್ದ ಮಕ್ಕಳನ್ನೂ, ಮುಂದೆ ಗಂಗೆಯಿಂದ ಎದ್ದುಬಂದ ಅವರನ್ನೂ ಕಂಡಳು. ಎಂದರೆ ಗಂಡನ ನಾಡಿನಲ್ಲಿ ಅವಳ ದೃಷ್ಟಿಗೆ ಬಿದ್ದದ್ದು ಸತ್ತವರು. ಚರ್ಮಚಕ್ಷುಸ್ಸಿಗಾದರೋ ಒಂದೇ ಒಂದು ವಸ್ತು ಬಿದ್ದಿತು. ಸ್ತ್ರೀಪರ್ವದಲ್ಲಿ ಧರ್ಮರಾಯನು ಅಡಿಗೆರಗಲು ಬಂದಾಗ ಬಟ್ಟೆಯ ಸಂದಿನಿಂದ ಅವನ ಬೆರಳ ತುದಿಗಳು ಕಂಡುವು. ಆ ದೃಷ್ಟಿಯ ತಾಪದಿಂದ ಅವನ ಉಗುರುಗಳು ವಿಕಾರವಾದುವು. ಈ ಪ್ರಸಂಗವನ್ನು ಮರೆಯದೆ ಮುಂದಣ ಭಾಗವನ್ನು ಓದಬೇಕು.

ನಾರದನ ಮಾತನ್ನು ಕೇಳಿ ಧರ್ಮರಾಯನು ಶೋಕಿಸುತ್ತಾನೆ. ಬಂಧುಗಳಾದ ತಾವು ಬದುಕಿರುವಾಗಲೇ ದೊಡ್ಡಪ್ಪನು ಅನಾಥನಂತೆ ಬೆಂದು ಸತ್ತನಲ್ಲಾ ಎಂದು ಮೊದಲು ಮರುಗುತ್ತಾನೆ. ಅನಂತರ ಬರುವ ಮಾತೇ ಇಲ್ಲಿ ವಿಮರ್ಶೆಗೆ ವಿಷಯ. ಗಾಂಧಾರಿಗಾಗಿ ತನಗೆ ಶೋಕವಿಲ್ಲ, ಅವಳು ಪತಿವ್ರತದಲ್ಲಿ ನಿಂತು ಪತಿಲೋಕವನ್ನು ಸೇರಿದಳು. ಮಕ್ಕಳ ಐಶ್ವರ್ಯವನ್ನು ತೊರೆದು ವನವಾಸವನ್ನು ಮೆಚ್ಚಿದ ಕುಂತಿಗಾಗಿಯೇ ತನ್ನ ಶೋಕವೆಂದು ಅವನು ಹೇಳುತ್ತಾನೆ. ಮುಂದೆ ಅರ್ಜುನನು ಖಾಂಡವವನ್ನು ಉಣಿಸಿ ತಣಿಸಿದ ಅಗ್ನಿಯೇ ಅವನ ತಾಯಿಯನ್ನು ಸುಟ್ಟಿತೆಂದು ಅಗ್ನಿಯ ಕೃತಘ್ನತೆಯನ್ನು ನಿಂದಿಸುತ್ತಾನೆ. ಬೆಂಕಿಯ ನಡುವೆ ತಾಯಿಯು ಮಕ್ಕಳ ಹೆಸರು ಹಿಡಿದು ಕೂಗಿರಬೇಕೆಂದು ನೆನೆದು ಕುಗ್ಗುತ್ತಾನೆ. ಮಡಿದವರು ಮೂವರು, ಇಬ್ಬರಿಗೆ ಕಣ್ಣೀರು, ಒಬ್ಬಳಿಗೆ ಇಲ್ಲ.

ಇದನ್ನು ಸಮರ್ಥಿಸುವವರು ಹೇಳಬಹುದು: ಸದ್ಗತಿಯನ್ನು ಹೊಂದಿದವಳಿಗಾಗಿ ಶೋಕಿಸುವುದು ಶಾಸ್ತ್ರಸಮ್ಮತವಲ್ಲ, ಧರ್ಮರಾಯನು ನುಡಿದದ್ದು ಧರ್ಮವೇ ಸರಿ, ಎಂದು. ಆದರೆ ಈ ಸಮಾಧಾನವು ನಿಲ್ಲಲಾರದು. ಸದ್ಗತಿಯು ಶೋಕವನ್ನು ತಡೆಯುವುದಾದರೆ ಕುಂತಿಯ ವಿಷಯದಲ್ಲಿಯೂ ತಡೆಯಬೇಕಾಗಿತ್ತು. ಹಿರಿಯರ ಶುಶ್ರೂಷೆಯಿಂದ ಅವಳೂ ಸಿದ್ಧಿಯನ್ನು ಪಡೆದಳೆಂದು ನಾರದನೇ ಮುಂದೆ ಹೇಳುತ್ತಾನೆ. ಆದ್ದರಿಂದ ಇಲ್ಲಿರುವ ಭೇದವು ಗತಿಯದಲ್ಲ, ರಕ್ತದ್ದು. ಒಬ್ಬಳು ಹೆತ್ತವಳು, ಇನ್ನೊಬ್ಬಳು ದೊಡ್ಡಪ್ಪನ ಹೆಂಡತಿ, ಹೊರಗಿನಿಂದ ಬಂದವಳು, ಶಕುನಿಯ ತಂಗಿ, ದುರ್ಯೋಧನನ ತಾಯಿ. ಧರ್ಮರಾಯನು ತನ್ನ ಪಕ್ಷಪಾತಕ್ಕೆ ಶಾಸ್ತ್ರದ ಹೊದಿಕೆಯನ್ನು ಹೊದಿಸಿದನು. ಅವನ ಕಾಲುಗುರುಗಳಲ್ಲಿ ಅವಳ ನೋಟದ ಗುರುತಿನ್ನೂ ಇದ್ದಿರಬೇಕು. ಅವಳನ್ನು ನೆನೆಯುವಾಗ ಅವನಿಗೆ ದುಃಖಕ್ಕಿಂತ ಅಂಜಿಕೆಯೇ ಮುಂದಾದರೆ ಆಶ್ಚರ್ಯವಿಲ್ಲ. ಕವಿಯು ಅವನನ್ನು ನಿಂದಿಸುವುದಿಲ್ಲ, ಸಮರ್ಥಿಸುವುದೂ ಇಲ್ಲ. ಮನುಷ್ಯಸ್ವಭಾವವನ್ನು ಇದ್ದಂತೆ ಇಟ್ಟಿದ್ದಾನೆ. ಇದೇ ವ್ಯಾಸರ ರೀತಿ.

ಆದರೆ ಕವಿಯು ಇಷ್ಟಕ್ಕೆ ಬಿಟ್ಟಿಲ್ಲ. ಕುಂತಿಯು ಕಾಡಿಗೆ ಹೋದದ್ದೇಕೆ? ಗಾಂಧಾರಿ ಧೃತರಾಷ್ಟ್ರರನ್ನು ಅತ್ತೆಮಾವಂದಿರೆಂದೇ ಭಾವಿಸಿ ಅವರ ಪಾದಸೇವೆ ಮಾಡುವುದಕ್ಕೆ. ಕಾಡಿನಲ್ಲಿ ಅರಸನಿಗೆ ಸಂಜಯನು ದಾರಿ ತೋರಿಸುತ್ತಿದ್ದನು. ಗಾಂಧಾರಿಗೆ ಕುಂತಿಯೇ ಕಣ್ಣಾಗಿದ್ದಳೆಂದು ನಾರದನ ಬಾಯಿಂದಲೇ ಕವಿಯು ಹೇಳಿಸಿದ್ದಾನೆ. ಒಬ್ಬಳ ಮಕ್ಕಳು ಇನ್ನೊಬ್ಬಳ ಮಕ್ಕಳನ್ನು ಕೊಂದಿದ್ದರು. ಅಂಥವಳಿಗೆ ಕಣ್ಣಾಗಿ, ಅವಳನ್ನು ಬೆಂಕಿಯ ನಡುವೆಯೂ ಬಿಡದೆ ಕುಳಿತ ಕುಂತಿಯನ್ನು ನೆನೆದು ಅಳುವ ಮಗನು, ಅವಳು ಯಾರಿಗಾಗಿ ಅಲ್ಲಿಗೆ ಹೋದಳೋ ಆಕೆಗೆ ಶೋಕವಿಲ್ಲವೆಂದರೆ, ತಾಯಿಯ ಬಾಳಿನ ಕಡೆಯ ಮಾತನ್ನೇ ಅವನು ಕೇಳಿಸಿಕೊಂಡಂತಾಗಲಿಲ್ಲ. ಮಗನ ಮಾತಿನ ಕೊರತೆಯನ್ನು ತಾಯಿಯ ನಡತೆಯು ತುಂಬುತ್ತದೆ.

ಎರಡನೆಯದಾಗಿ, ಕ್ರಿಯೆಯ ವಿಷಯ. ಧರ್ಮರಾಯನು ಏಕವಸ್ತ್ರನಾಗಿ ತಮ್ಮಂದಿರೊಡನೆಯೂ ಹೆಂಗಸರೊಡನೆಯೂ ಗಂಗೆಗೆ ಹೋಗಿ, ಯುಯುತ್ಸುವನ್ನು ಮುಂದಿಟ್ಟುಕೊಂಡು ನೀರನ್ನು ಬಿಟ್ಟನು. ಗಾಂಧಾರಿಗೂ ಕುಂತಿಗೂ ಹೆಸರು ಗೋತ್ರಗಳನ್ನು ಹೇಳಿ ಬಿಟ್ಟನು. ಅಶೌಚವು ಕಳೆಯುವವರೆಗೆ ಊರ ಹೊರಗೇ ಉಳಿದನು. ಗಂಗಾದ್ವಾರಕ್ಕೆ ವಿಧಿಜ್ಞರನ್ನು ಕಳುಹಿಸಿ ಅಲ್ಲಿಯ ಕಾರ್ಯವನ್ನು ಮಾಡಿಸಿದನು. ಹನ್ನೆರಡನೆಯ ದಿನ ಮೂವರ ಹೆಸರಿನಲ್ಲಿಯೂ ದಾನಗಳನ್ನು ಕೊಟ್ಟನು. ಇಲ್ಲಿ ಭೇದವಿಲ್ಲ. ಹೃದಯವು ಒಬ್ಬಳನ್ನು ಬಿಟ್ಟಿತು. ವಿಧಿಯು ಯಾರನ್ನೂ ಬಿಡಲಿಲ್ಲ. ದೇಶಾಂತರದಲ್ಲಿ ಸತ್ತವರ ಸುದ್ದಿಯು ಹತ್ತು ದಿನದೊಳಗೆ ಬಂದರೆ ಉಳಿದ ದಿನಗಳಷ್ಟು, ಹತ್ತು ದಿನ ಕಳೆದು ಬಂದರೆ ಮೂರು ರಾತ್ರಿ, ವರುಷ ಕಳೆದು ಬಂದರೆ ಸ್ನಾನಮಾತ್ರ ಎಂದು ಮನುಸ್ಮೃತಿಯು ವಿಧಿಸುತ್ತದೆ. ಇದನ್ನು ಬರಿಯ ಮಡಿಮೈಲಿಗೆಯ ಲೆಕ್ಕವೆಂದು ತಳ್ಳಿಹಾಕುವವರುಂಟು. ಆದರೆ ಎಷ್ಟು ದೂರದಲ್ಲಿ, ಎಷ್ಟು ತಡವಾಗಿ ಕೇಳಿದರೂ ಒಂದು ಮುಳುಗನ್ನಾದರೂ ಹಾಕಬೇಕು, ಕೇಳದವರಂತೆ ಇರಕೂಡದು ಎಂಬುದೇ ಆ ವಿಧಿಯ ತಾತ್ಪರ್ಯ. ಪ್ರೀತಿಗೆ ದೂರವು ಅಡ್ಡಬರುತ್ತದೆಂದು ತಿಳಿದೇ ಶಾಸ್ತ್ರಕಾರರು ಕರ್ತವ್ಯವನ್ನು ಅದರ ಪಕ್ಕದಲ್ಲಿ ನಿಲ್ಲಿಸಿದರು.

ಕಾವ್ಯದಲ್ಲಿ ಕೊರತೆಯೇ ಇಲ್ಲವೆ? ಒಂದುಂಟು. ಆಶ್ವಮೇಧಿಕ ಪರ್ವದಲ್ಲಿ ಅರ್ಜುನನು ಗಾಂಧಾರಕ್ಕೆ ಹೋದಾಗ ಶಕುನಿಯ ಮಗನು ಎದುರಿಸಿ ಸೋತನು. ತಾಯಿಯಾದ ಗಾಂಧಾರಿಯನ್ನು ನೆನೆದು ಅವನನ್ನು ಉಳಿಸಿದುದಾಗಿ ಅರ್ಜುನನು ಹೇಳಿದನು. ಅವಳ ಹೆಸರಿನಿಂದ ಜೀವವುಳಿಸಿಕೊಂಡ ಸೋದರಳಿಯನೊಬ್ಬನು ತವರಿನಲ್ಲಿದ್ದನು. ಅವನಿಗೆ ಈ ಮರಣದ ಸುದ್ದಿಯನ್ನು ಯಾರಾದರೂ ಮುಟ್ಟಿಸಿದರೆಂದು ಆಶ್ರಮವಾಸಿಕ ಪರ್ವವು ಹೇಳುವುದಿಲ್ಲ. ಗಂಡನ ಮನೆಯಲ್ಲಿ ಶೋಕವಿಲ್ಲ. ತವರಿಗೆ ಸುದ್ದಿಯೇ ಇಲ್ಲ. ಮಹಾಭಾರತಕ್ಕೆ ಶಾಂತವೇ ಅಂಗಿರಸವೆಂದು ಆನಂದವರ್ಧನನು ನಿರ್ಣಯಿಸಿದ್ದಾನೆ. ಕಥೆಯ ಅಂತ್ಯದಲ್ಲಿ ವಿಲಾಪವನ್ನು ಬೆಳೆಸದಿರುವುದು ಆ ರಸಕ್ಕೆ ಉಚಿತವೇ. ಆದರೂ ತವರಿಗೆ ಒಬ್ಬ ದೂತನನ್ನು ಕಳುಹಿಸಿದ್ದರೆ ಶಾಂತಕ್ಕೆ ಭಂಗವೇನೂ ಬರುತ್ತಿರಲಿಲ್ಲ.

ಈ ವಿಚಾರವು ಹಳೆಯ ಕಾಲದ್ದೆಂದು ವಾಚಕರು ಭಾವಿಸಬೇಕಾಗಿಲ್ಲ. ಇಂದು ಮನೆಮನೆಯಲ್ಲಿಯೂ ಸೋದರತ್ತೆಯೋ ದೊಡ್ಡಮ್ಮನೋ ಕಡಲಾಚೆಯ ದೇಶದಲ್ಲಿ ನಲವತ್ತು ಐವತ್ತು ವರುಷ ಬಾಳಿ ಅಲ್ಲಿಯೇ ಮಡಿಯುವುದುಂಟು. ಸುದ್ದಿಯು 2 ವರ್ಷಗಳ ಮೇಲೆ ನಾರದನಿಂದ ಬರುವುದಿಲ್ಲ; ಗಳಿಗೆಯೊಳಗೆ ದೂರವಾಣಿಯಲ್ಲಿ ಬರುತ್ತದೆ. ಆದರೆ ಕೇಳಿದವರ ಮಾತು ಮಾತ್ರ ಧರ್ಮರಾಯನದೇ: ತುಂಬಿದ ವಯಸ್ಸು, ಒಳ್ಳೆಯ ಸಾವು, ದುಃಖಪಡುವುದಕ್ಕೇನಿದೆ? ತವರಿನವರು ಅವಳು ಎಂದೋ ಹೋದವಳೆನ್ನುವರು. ಅಲ್ಲಿಯವರು ಅವಳು ಎಲ್ಲಿಂದಲೋ ಬಂದವಳೆನ್ನುವರು. ಎರಡು ಮನೆಗಳವಳು ಒಂದು ಮನೆಯ ಕಣ್ಣೀರಿಗೂ ಎರವಾಗುವಳು. ಅಂಥ ಮನೆಯವರು ಈ ಅಧ್ಯಾಯಗಳನ್ನು ಓದಬೇಕು; ಧರ್ಮರಾಯನ ಮಾತನ್ನಲ್ಲ, ಅವನು ಬಿಟ್ಟ ನೀರನ್ನೂ ಕುಂತಿಯ ಹೆಗಲನ್ನೂ ನೆನಪಿನಲ್ಲಿಡಬೇಕು.

ಕಡೆಗೆ ಒಂದು ಅಂಶ. ಸರ್ಪಯಾಗವು ಮುಗಿದ ಮೇಲೆ ಜನಮೇಜಯನು ತಕ್ಷಶಿಲೆಯಿಂದ ಹಸ್ತಿನಾವತಿಗೆ ಹಿಂದಿರುಗಿದನೆಂದು ಸ್ವರ್ಗಾರೋಹಣ ಪರ್ವವು ಹೇಳುತ್ತದೆ. ಆ ಯಾಗದಲ್ಲಿಯೇ ವೈಶಂಪಾಯನನು ಭಾರತವನ್ನು ಹೇಳಿದ್ದು. ಈ ಮಾತನ್ನು ಹಿಡಿದರೆ, ಗಾಂಧಾರಿಯ ಕಥೆಯನ್ನು ಅರಸನು ಕೇಳಿದ್ದು ಗಾಂಧಾರದ ನೆಲದಲ್ಲಿಯೇ. ದೂತನು ಒಯ್ಯದಿದ್ದ ಸುದ್ದಿಯು ಎರಡು ತಲೆಮಾರು ಕಳೆದ ಮೇಲೆ ಕಾವ್ಯವಾಗಿ ಅವಳ ತವರನ್ನು ಮುಟ್ಟಿತು. ತಡವಾಗಿ ಮುಟ್ಟಿದ ಸುದ್ದಿಗೂ ಸ್ನಾನವುಂಟೆಂಬುದನ್ನು ಸ್ಮೃತಿಯೇ ಹೇಳಿದೆ.