ಯಂತ್ರವಾದ್ಯವೂ ಸಭೆಯ ಉಸಿರೂ

ಗಣಕಯಂತ್ರದಲ್ಲಿ ಸಿದ್ಧಪಡಿಸಿದ ಹಿನ್ನೆಲೆ ಸಂಗೀತವನ್ನು ಧ್ವನಿವರ್ಧಕದಲ್ಲಿ ಹಾಕಿಕೊಂಡು ಬಲಿಪೂಜೆಯಲ್ಲಿ ಹಾಡುವ ರೂಢಿ ಬೆಳೆಯುತ್ತಿದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯಲ್ಲಿ, ವಾದ್ಯ ನುಡಿಸುವವರೇ ದೊರೆಯದ ಸಣ್ಣ ಸಮುದಾಯಗಳಿಗೆ ಈ ಅನುಕೂಲವು ಆಕರ್ಷಕವಾಗಿರುವುದು ಸಹಜ. ಇದರ ಗುಣದೋಷಗಳನ್ನು ತೂಗಿ ನೋಡುವುದು ನಮ್ಮ ಉದ್ದೇಶ.

1983ರಲ್ಲಿ ಬಳಕೆಗೆ ಬಂದ ಮಿಡಿ ಪದ್ಧತಿಯು ನಾದವನ್ನು ಹಿಡಿದಿಡುವುದಿಲ್ಲ. ಯಾವ ಸ್ವರ, ಯಾವ ಕ್ಷಣ, ಎಷ್ಟು ಬಲ ಎಂಬ ಸೂಚನೆಗಳನ್ನಷ್ಟೇ ಅದು ದಾಖಲಿಸುತ್ತದೆ. ನಾದವನ್ನು ಕೊಡುವುದು ಸಾಫ್ಟ್‌ವೇರ್ ವಾದ್ಯ. ಆದ್ದರಿಂದಲೇ ನಾದ ಕೆಡದಂತೆ ಶ್ರುತಿಯನ್ನು ಇಳಿಸಬಹುದು, ಗತಿಯನ್ನು ನಿಧಾನಗೊಳಿಸಬಹುದು. ಅಭ್ಯಾಸಕ್ಕೆ ಇದಕ್ಕಿಂತ ಉಪಯುಕ್ತವಾದ ಸಾಧನ ವಿರಳ.

ಆದರೆ ಅವಸರದ ಕೆಲಸವು ಕಿವಿಗೆ ತಿಳಿಯುತ್ತದೆ. ಸ್ವರವನ್ನು ಬಾಗಿಸುವ ಪಿಚ್ ಬೆಂಡ್ ಸೂಚನೆಯು ಒಂದು ಚಾನೆಲ್ಲಿನ ಎಲ್ಲ ಸ್ವರಗಳನ್ನೂ ಒಟ್ಟಿಗೆ ಬಾಗಿಸುತ್ತದೆ. ಕೊಳಲಿನ ಗಮಕ ಮೂಡಬೇಕಾದರೆ ಅದಕ್ಕೆ ಪ್ರತ್ಯೇಕ ಚಾನೆಲ್ ಬೇಕು, ತಾಳ್ಮೆಯೂ ಬೇಕು. ಅದಿಲ್ಲದೆ ಹೋದರೆ ರಾಗವು ಕೀಲಿಮಣೆಯ 12 ಸ್ವರಸ್ಥಾನಗಳ ಮೇಲೆ ಜಿಗಿಯುವ ಮೆಟ್ಟಿಲಾಗುತ್ತದೆ. ಎಲ್ಲ ಪೆಟ್ಟುಗಳನ್ನೂ ಕ್ವಾಂಟೈಸ್ ಮಾಡಿ ಸಮಗೆರೆಗೆ ಕೂಡಿಸಿದರೆ ತಮಟೆಯ ನಡೆಯಲ್ಲಿರುವ ಜೀವ ಉಡುಗುತ್ತದೆ.

ಇದಕ್ಕಿಂತ ಗಂಭೀರವಾದ ಪ್ರಶ್ನೆ ದೈವಾರಾಧನೆಯದು. 1958ರ ರೋಮಿನ ಸೂಚನಾಪತ್ರವು ಆರಾಧನೆಯಲ್ಲಿ ಸ್ವಯಂಚಾಲಿತ ವಾದ್ಯಗಳನ್ನೂ ಧ್ವನಿಮುದ್ರಣ ಯಂತ್ರಗಳನ್ನೂ, ಹಾಡಿಗೆ ಆಸರೆಯಾಗಿ ಕೂಡ, ನಿಷೇಧಿಸಿತ್ತು. 1973ರ ಮಕ್ಕಳ ಬಲಿಪೂಜೆಯ ನಿರ್ದೇಶಿಕೆಯು ಯಂತ್ರಸಂಗೀತದ ವಿಷಯದಲ್ಲಿ ಬಾಗಿಲನ್ನು ಕೊಂಚ ತೆರೆದರೂ ಅತ್ಯಂತ ಎಚ್ಚರಿಕೆಯನ್ನು ವಿಧಿಸಿತು. ಈ ಎಚ್ಚರಿಕೆಯು ಯಂತ್ರದ್ವೇಷದಿಂದ ಹುಟ್ಟಿದ್ದಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ದೈವಾರಾಧನಾ ಸಂವಿಧಾನದಲ್ಲಿ ಬಯಸಿದ್ದು ವಿಶ್ವಾಸಿಗಳ ಪೂರ್ಣವೂ ಪ್ರಜ್ಞಾಪೂರ್ವಕವೂ ಸಕ್ರಿಯವೂ ಆದ ಪಾಲ್ಗೊಳ್ಳುವಿಕೆಯನ್ನು. ಸಿದ್ಧ ಸಂಗೀತವು ಸಭೆಗಾಗಿ ಕಾಯುವುದಿಲ್ಲ. ವೃದ್ಧೆಯೊಬ್ಬರು ಸಾಲಿನ ಕೊನೆಯಲ್ಲಿ ಉಸಿರೆಳೆದುಕೊಂಡರೆ ಅದು ಮುಂದೆ ಸಾಗಿರುತ್ತದೆ. ಕಾಣಿಕೆಯ ಮೆರವಣಿಗೆ ತಡವಾದರೆ ಹಾಡು ಮೊದಲೇ ಮುಗಿದಿರುತ್ತದೆ. ಆಗ ಸಭೆಯು ಯಂತ್ರದ ಹಿಂದೆ ಓಡುತ್ತದೆ, ಇಲ್ಲವೇ ಮೌನವಾಗುತ್ತದೆ. ಆ ಮೌನವನ್ನು ನಾವು ಭಕ್ತಿಯೆಂದು ಭ್ರಮಿಸಬಾರದು.

ಹಾಗಾಗಿ ಗುರುವಿದ್ಯಾರ್ಥಿಗಳು ಈ ತಂತ್ರಜ್ಞಾನವನ್ನು ಚೆನ್ನಾಗಿ ಕಲಿಯಲಿ, ಗಾನವೃಂದಕ್ಕೆ ಪಾಠ ಹೇಳಲು ಬಳಸಲಿ. ಬಲಿಪೂಜೆಯ ಹೊತ್ತಿಗೆ ಒಂದು ಹಾರ್ಮೋನಿಯಂ, ಒಂದು ತಮಟೆ ಸಾಕು. ಅವೂ ಇಲ್ಲವಾದರೆ ಬರಿಯ ಕಂಠವೇ ಸಾಕು. ಅಪಸ್ವರದ ಜೀವಂತ ಸಭೆಯನ್ನು ತಿದ್ದಬಹುದು. ಹಾಡುವುದನ್ನೇ ಮರೆತ ಸಭೆಯನ್ನು ಮತ್ತೆ ಹಾಡಿಸುವುದು ಬಹಳ ಕಷ್ಟ.